ಹೂಂ ಅಣ್ಣನಿಗೆ ಹೊಟ್ಟೆನೋವು ಎಂದು ನನ್ನ ತಮ್ಮ ಹೇಳಿದ್ದ

ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳು ನೀವು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯಲ್ಲಿ ಒಂದು ವಾಕ್ಯವಿದೆ: "ಮೃತರು ತಮ್ಮ ತೊಂದರೆಯನ್ನು ಹೇಳಿಕೊಳ್ಳಲು ಅಸಮರ್ಥರಾಗಿದ್ದುದರಿಂದ ಕಾಯಿಲೆ ಸಕಾಲದಲ್ಲಿ ಪತ್ತೆಯಾಗಲಿಲ್ಲ." ಈ ವಾಕ್ಯ ಸುಳ್ಳು. ಮೃತರು ಹೇಳಿಕೊಂಡಿದ್ದರು. ಅವರ ಮಾತು ಬಲ್ಲ ಇನ್ನೊಬ್ಬ, ಅಂದರೆ ನನ್ನ ತಮ್ಮ, ಅದನ್ನು ನಿಮ್ಮ ಸಿಬ್ಬಂದಿಗೆ ಬಿಡಿಸಿ ಹೇಳಿದ್ದ. ಯಾರೋ ಒಬ್ಬರಿಗಲ್ಲ, ಎದುರಿಗೆ ಸಿಕ್ಕ ಎಲ್ಲರಿಗೂ. ಹೇಳಿದ ತಪ್ಪಿಗೆ ಅವನನ್ನು ಕೋಣೆಯೊಳಗೆ ಹಾಕಿ ಚಿಲಕ ಜಡಿಯಲಾಯಿತು. ಹೀಗಿರುವಾಗ ಅಸಮರ್ಥರೆಂಬ ಘನವಾದ ಪದ ಯಾರಿಗೆ ಸಲ್ಲಬೇಕು, ಹೇಳಿದವರಿಗೋ, ಕೇಳಿಸಿಕೊಳ್ಳದವರಿಗೋ?

ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. ಮುಖ ನೆನಪಿರಬಹುದು. ನಾನು ಲಾಂಡ್ರಿ ನಡೆಸುವವಳು. ವಸತಿಗೃಹಗಳ ಹೊದಿಕೆ, ಆಸ್ಪತ್ರೆಯ ಪರದೆ, ಯಾರದೋ ಮದುವೆಗೆ ಹೋಗಿ ಸಾರು ಚೆಲ್ಲಿಕೊಂಡು ಬಂದವರ ಕೋಟು, ಹೀಗೆ ಊರಿನ ಕೊಳೆಯೆಲ್ಲ ನನ್ನ ಬಾಗಿಲಿಗೆ ಬರುತ್ತದೆ. ಕೊಳೆ ತೆಗೆಯುವುದು ನನ್ನ ಕಸುಬು, ಮಡಿಚಿ ಒಳಗೆ ಮುಚ್ಚಿಡುವುದಲ್ಲ. ಈ ಪತ್ರದ ಮಾತು ಒರಟೆನಿಸಿದರೆ ಆ ಕಸುಬಿನ ಗುಣ ಎಂದುಕೊಂಡು ಓದಿ. ಮುಗಿಯುವವರೆಗೂ ಓದಿ, ಅಷ್ಟೇ ಕೇಳುವುದು.

ನನ್ನ ತಮ್ಮನನ್ನು ನಮ್ಮ ಬೀದಿಯವರು ದೊರೆ ಎನ್ನುತ್ತಾರೆ. ಅಮ್ಮ ಇಟ್ಟ ಅಡ್ಡಹೆಸರು ಅದು. ಚಿಕ್ಕಂದಿನಿಂದಲೂ ಯಾವುದಕ್ಕೂ ಓಡಿದವನಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದು ಬರುವವನು. ಈಗ ನಲವತ್ತು ದಾಟಿದೆ. ಓದಲು ಬರುವುದಿಲ್ಲ. ಹೊಸದೇನಾದರೂ ಕಲಿಯಬೇಕಾದರೆ ಬಹಳ ದಿನ ಬೇಕು, ಕಲಿತದ್ದನ್ನು ಬಿಡಬೇಕಾದರೆ ಇನ್ನೂ ಹೆಚ್ಚು ದಿನ ಬೇಕು. ಮಾತಾಡುವಾಗ ಒಂದೊಂದು ಪದವನ್ನೂ ಕಿಸೆಯಲ್ಲಿ ಬೀಗದಕೈ ತಡಕುವ ಹಾಗೆ ಹುಡುಕುತ್ತಾನೆ. ಕಾದರೆ ಸಿಗುತ್ತದೆ. ಯಾವಾಗಲೂ ಸಿಕ್ಕಿದೆ. ಕಾಯುವವರ ಕೊರತೆಯೇ ಹೊರತು ಮಾತಿನ ಕೊರತೆ ಅವನಿಗೆ ಎಂದೂ ಇರಲಿಲ್ಲ.

ಅವನ ಜೊತೆಗಿದ್ದವರು ಹೂಂ ಅಣ್ಣ. ನಮಗೆ ರಕ್ತಸಂಬಂಧವೇನಿಲ್ಲ. ಮಗುವಾಗಿದ್ದಾಗಲೇ ಯಾರೋ ಒಂದು ದೊಡ್ಡ ಆಶ್ರಮದ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದರಂತೆ. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗುತ್ತಾ ಐವತ್ತು ವರ್ಷ ಕಳೆದವರು. ಅವರಿಗೆ ಬರುತ್ತಿದ್ದುದು ಒಂದೇ ಮಾತು, ಹೂಂ. ಆದರೆ ಆ ಒಂದರಲ್ಲಿ ಏನೆಲ್ಲ ಇತ್ತು ಅಂತೀರಿ. ಟೀ ಬೇಕು ಎನ್ನುವ ಹೂಂ ಒಂದು, ಈ ಟೀ ಆರಿಹೋಗಿದೆ ಎನ್ನುವ ಹೂಂ ಇನ್ನೊಂದು. ನೀನು ಹೇಳುತ್ತಿರುವುದು ಬರೀ ಬುರುಡೆ ಎನ್ನುವ ಉದ್ದನೆಯ ಹೂಂ ಒಂದಿತ್ತು, ಅದನ್ನು ಹೆಚ್ಚಾಗಿ ನನ್ನ ಮುಂದೆಯೇ ತೆಗೆಯುತ್ತಿದ್ದರು. ನೋವಾದರೆ ಅಂಗಿಯ ತೋಳನ್ನು ಹಲ್ಲಿನಲ್ಲಿ ಕಚ್ಚಿ, ನಿಲ್ಲಿಸದೆ, ಕೆಳಗಿನ ಸ್ವರದಲ್ಲಿ ಹೂಂಗುಟ್ಟುತ್ತಿದ್ದರು. ಒಮ್ಮೆ ಕಾಲಿಗೆ ಮೊಳೆ ಚುಚ್ಚಿದಾಗ ಹಾಗೆ ಮಾಡಿದ್ದರು. ಅವತ್ತು ಬೂಟು ಬಿಚ್ಚಿ ನೋಡಿದವನು ದೊರೆ.

ಇವರಿಬ್ಬರೂ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ಮುಖ ಮಾಡಿದ ಒಂದು ಕಿಟಕಿ. ನಿಮ್ಮ ಇಲಾಖೆಯದೇ ಯೋಜನೆ ಅದು, ನೀವು ಆ ಕುರ್ಚಿಗೆ ಬರುವ ಮುಂಚಿನದು. ದೊಡ್ಡ ಕಟ್ಟಡಗಳಲ್ಲಿ ಜನರನ್ನು ತುಂಬುವ ಬದಲು ಬೀದಿಯ ನಡುವೆ, ನೆರೆಹೊರೆಯ ನಡುವೆ ಸಣ್ಣ ಮನೆಗಳು. ಬೆಳಿಗ್ಗೆ ಸಂಜೆ ಒಬ್ಬ ಸಹಾಯಕಿ ಬರುತ್ತಿದ್ದಳು. ಬೀದಿಯವರು ಅವಳನ್ನು ಟೀಚರ್ ಅಂದರೆ ಅವಳಿಗೆ ಸಿಟ್ಟು. "ನಾನು ಪಾಠ ಹೇಳೋಕೆ ಬಂದಿಲ್ಲ, ಇವರು ಮಾಡೋ ಕೆಲಸಕ್ಕೆ ಕೈ ಕೊಡೋಕೆ ಬಂದಿದೀನಿ" ಅನ್ನುತ್ತಿದ್ದಳು. ಆದರೂ ಟೀಚರ್ ಎಂಬುದೇ ಉಳಿಯಿತು.

ಭಾನುವಾರ ಅವಳು ಎಲ್ಲರನ್ನೂ ಕೂರಿಸಿ ಮೀಟಿಂಗು ನಡೆಸುತ್ತಿದ್ದಳು. ಒಂದೇ ನಿಯಮ: ಯಾರ ವಿಷಯವೋ ಅವರೇ ಮೊದಲು ಮಾತಾಡಬೇಕು. ಮೊದಮೊದಲು, ತಿಂಡಿಗೆ ಏನು ಬೇಕೆಂದು ಕೇಳಿದರೂ, ದೊರೆ ನನ್ನ ಮುಖ ನೋಡಿ "ಏನು ಹೇಳ್ಲಿ ಅಕ್ಕ?" ಅನ್ನುತ್ತಿದ್ದ. "ಅಕ್ಕನ್ನ ಯಾಕೆ ಕೇಳ್ತೀರಿ, ಹೊಟ್ಟೆ ನಿಮ್ಮದು" ಅಂದಳು ಟೀಚರ್. ಪದ ಹುಡುಕಿ ಅವನು ಹೇಳಿದ್ದು ಇಷ್ಟು: "ನಂಗೆ ಮೊಟ್ಟೆ ಸೇರಲ್ಲ." ಅಮ್ಮ ಬದುಕಿರುವಷ್ಟು ಕಾಲ ದಿನಾ ಬೆಳಿಗ್ಗೆ ಅವನಿಗೆ ಮೊಟ್ಟೆ ಬೇಯಿಸಿ ಕೊಟ್ಟಿದ್ದಳು, ಆಮೇಲೆ ನಾನು. ಮಿದುಳಿಗೆ ಒಳ್ಳೆಯದು ಎಂದು ಯಾರೋ ಡಾಕ್ಟರು ಹೇಳಿದ್ದರು. "ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?" ಅಂದೆ. "ಯಾರೂ ಕೇಳ್ಲಿಲ್ಲ" ಅಂದ. ಹೂಂ ಅಣ್ಣ ಅವತ್ತು ತೆಗೆದ ಹೂಂ ನನಗೆ ಈಗಲೂ ಕೇಳಿಸುತ್ತದೆ, ನಗು ತಡೆದುಕೊಂಡವರದು.

ಮೊಟ್ಟೆಯಿಂದ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ. ಸ್ನಾನದ ಮನೆಗೆ ಒಳಗಿನಿಂದ ಚಿಲಕ ಬೇಕು ಎಂದರು, ಹಾಕಿಸಿದರು. ಬಸ್ಸಿನಲ್ಲಿ ಕಂಡಕ್ಟರು "ಇವನನ್ನ ಎಲ್ಲಿ ಇಳಿಸ್ಬೇಕಮ್ಮ?" ಎಂದು ನನ್ನನ್ನು ಕೇಳಿದರೆ ದೊರೆ ಮಧ್ಯೆ ಬಂದು "ನನ್ನ ಕೇಳಿ" ಅನ್ನತೊಡಗಿದ. ನನ್ನ ಅಂಗಡಿಯಲ್ಲಿ ಇಬ್ಬರೂ ಕೆಲಸ ಕೇಳಿದರು. ದೊಡ್ಡ ಹೊದಿಕೆಗಳನ್ನು ಮಡಿಚಲು ಇಬ್ಬರು ಬೇಕಲ್ಲ. ಆ ತುದಿಯಲ್ಲಿ ಇವನು, ಈ ತುದಿಯಲ್ಲಿ ಅವರು. ಇವನು "ಹೂಂ?" ಅಂದರೆ ಅವರು "ಹೂಂ" ಅನ್ನುವುದು, ಎಳೆದು, ಕೊಡವಿ, ನಡೆದು ಬಂದು ಅಂಚಿಗೆ ಅಂಚು ಕೂಡಿಸುವುದು. ನನ್ನ ಹತ್ತಿರ ಕೆಲಸಕ್ಕಿದ್ದ ಯಾವ ಜೋಡಿಯೂ ಜಗಳವಿಲ್ಲದೆ ಅಷ್ಟು ದಿನ ಬಾಳಿರಲಿಲ್ಲ.

ಇಂಥ ಮನೆಯನ್ನು ನೀವು ಮುಚ್ಚಿದಿರಿ. ಕಾರಣ, ಬಾಣಲೆ ಸುಟ್ಟದ್ದು. ದೊರೆ ಬ್ರೆಡ್ಡು ಕಾಯಿಸಲಿಟ್ಟು ಕಿಟಕಿಯ ಹತ್ತಿರ ಹೋಗಿದ್ದ, ಹೊಗೆ ತುಂಬಿತು. ಅವನೇ ಒಲೆ ಆರಿಸಿ, ಕಿಟಕಿ ತೆರೆದು, ಹೂಂ ಅಣ್ಣನ ಕೈ ಹಿಡಿದು ಕೆಳಗಿಳಿದು ಬಂದು ಸೈಕಲ್ ಅಂಗಡಿಯವರಿಗೆ ಹೇಳಿದ. ಅಷ್ಟರಲ್ಲಿ ಎದುರು ಮನೆಯವರು ಅಗ್ನಿಶಾಮಕದವರಿಗೆ ಫೋನು ಮಾಡಿಯಾಗಿತ್ತು. ನಿಮ್ಮ ಆದೇಶದಲ್ಲಿ ಅದು "ಗಂಭೀರ ಅಗ್ನಿ ಅವಘಡ" ಆಯಿತು. ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕದ ವಾರವಿಲ್ಲ, ಎಷ್ಟು ಪಾತ್ರೆಯ ತಳ ಸೀದಿದೆಯೋ ದೇವರಿಗೇ ಗೊತ್ತು. ನನ್ನನ್ನು ಯಾರೂ ಎತ್ತಿಕೊಂಡು ಹೋಗಿ ಯಾವ ಕೇಂದ್ರಕ್ಕೂ ಸೇರಿಸಿಲ್ಲ. ನಿಮ್ಮ ಮನೆಯಲ್ಲೂ ಒಮ್ಮೆಯಾದರೂ ಏನಾದರೂ ಸೀದಿರಬೇಕಲ್ಲ, ನಿರ್ದೇಶಕರೇ? ಮರುದಿನ ನಿಮ್ಮ ಮನೆಗೆ ಬೀಗ ಬಿತ್ತೇ?

ಅಹವಾಲು ಹೇಳಿಕೊಳ್ಳಿ ಎಂದು ನಮ್ಮನ್ನು ಕರೆದಿರಿ. ನಿಮ್ಮ ಕೊಠಡಿ ಚೆನ್ನಾಗಿತ್ತು, ತಂಪಾಗಿತ್ತು. ದೊರೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಏನು ಹೇಳಬೇಕೆಂದು ಭಾನುವಾರದ ಮೀಟಿಂಗಿನಲ್ಲಿ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಿದ್ದ. "ಸಾರ್, ನಂಗೆ... ನಮ್ಮನೆ..." ಎಂದು ಅವನು ಪದ ಹುಡುಕುತ್ತಿದ್ದಾಗ ನೀವು ನನ್ನ ಕಡೆ ತಿರುಗಿ, "ಏನಂತಮ್ಮ ಇವನು ಹೇಳೋದು?" ಅಂದಿರಿ. ದೊರೆ, "ನನ್ನ ಕೇಳಿ ಸಾರ್" ಅಂದ. ನೀವು ನಕ್ಕಿರಿ. ಕೆಟ್ಟ ನಗುವೇನಲ್ಲ, ಅಕ್ಕರೆಯ ನಗು. ಅದೇ ಹೆದರಿಕೆಯ ವಿಷಯ. ಮೇಜಿನ ಖಾನೆ ತೆರೆದು ಅವನಿಗೊಂದು ಚಾಕೊಲೇಟು ಕೊಟ್ಟಿರಿ. ಅವನು ಅದನ್ನು ತಿರುಗಿಸಿ ನೋಡಿ ನಿಮ್ಮ ಮೇಜಿನ ಮೇಲೆಯೇ ಇಟ್ಟು, "ನಾನು ಮಗು ಅಲ್ಲ ಸಾರ್. ನಮ್ಮನೆ ಬೇಕು" ಅಂದ. ಆ ಹೊತ್ತಿಗೆ ನಿಮ್ಮ ಕಣ್ಣು ಮತ್ತೆ ನನ್ನ ಮುಖದ ಮೇಲಿತ್ತು. "ನೋಡಿಮ್ಮ, ಎಲ್ಲಾ ಇವರ ಒಳ್ಳೇದಕ್ಕೇ" ಅಂದಿರಿ. ಯಾರ ಒಳ್ಳೆಯದೋ ಅವರು ಅಲ್ಲೇ, ನಿಮ್ಮ ಎದುರಿನ ಕುರ್ಚಿಯಲ್ಲಿ, ಬೇಡ ಅನ್ನುತ್ತಾ ಕೂತಿದ್ದರು.

ಊರಾಚೆಯ ನಿಮ್ಮ ಕೇಂದ್ರಕ್ಕೆ ಅವರನ್ನು ಸಾಗಿಸಿದಿರಿ. ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, ಅವಘಡದ ತಪಾಸಣೆ ಮುಗಿಯುವವರೆಗೆ ಸಾಧ್ಯವಿಲ್ಲ ಎಂದಿರಿ. ನೋಡಲು ಹೋದಾಗ ಮೊದಲು ನನಗೆ ಬಡಿದದ್ದು ವಾಸನೆ. ಪೂರ್ತಿ ಒಣಗುವ ಮುಂಚೆ ಮಡಿಚಿಟ್ಟ ಹೊದಿಕೆಯ ವಾಸನೆ. ಲಾಂಡ್ರಿಯವಳ ಮೂಗು, ಮೋಸ ಹೋಗುವುದಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಎಲ್ಲ ಒಟ್ಟಿಗೆ ಒಗೆದು ರಾಶಿ ಹಾಕುತ್ತಾರೆ, ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕು. "ಇದು ನಂದಲ್ಲ ಅಕ್ಕ" ಎಂದು ದೊರೆ ಅಂಗಿಯನ್ನು ಎಳೆದು ತೋರಿಸಿದ. ಹೂಂ ಅಣ್ಣ ಮೂಲೆ ಹಿಡಿದಿದ್ದರು. ಅಂಥ ಕಟ್ಟಡ ಅವರಿಗೆ ಹೊಸದಲ್ಲ, ಗೋಡೆಗೆ ಬೆನ್ನು ಕೊಟ್ಟು ಕೂರುವುದು ಅವರಿಗೆ ಗೊತ್ತಿತ್ತು.

ಮುಂದಿನದನ್ನು ನನಗೆ ಹೇಳಿದವರು ಇಬ್ಬರು. ದೊರೆ ಹೇಳಿದ, ಎಷ್ಟೋ ದಿನ ತೆಗೆದುಕೊಂಡು, ಚೂರು ಚೂರಾಗಿ. ಆಮೇಲೆ ನಿಮ್ಮ ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು, ಕೆಲಸ ಬಿಟ್ಟಮೇಲೆ ನನ್ನ ಅಂಗಡಿಗೆ ಬಂದು, ಕೂರಿ ಎಂದರೂ ಕೂರದೆ, ನಿಂತುಕೊಂಡೇ ಹೇಳಿದರು. ಇಬ್ಬರ ಮಾತೂ ಒಂದಕ್ಕೊಂದು ಕೂಡುತ್ತದೆ.

ಹೂಂ ಅಣ್ಣ ಊಟ ಬಿಟ್ಟರು. ಅಂಗಿಯ ತೋಳು ಕಚ್ಚಿಕೊಂಡು, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಹೂಂಗುಟ್ಟತೊಡಗಿದರು. ದೊರೆ ಮೇಲ್ವಿಚಾರಕರ ಬಳಿ ಹೋಗಿ, "ಅಣ್ಣಂಗೆ ಹೊಟ್ಟೆ ನೋವು. ಡಾಕ್ಟರ್ ಬೇಕು" ಅಂದ.

"ನಿಂಗೆ ಹೆಂಗಪ್ಪ ಗೊತ್ತು? ಅವನು ಹೇಳಿದ್ನಾ?"

"ಹೇಳಿದ್ರು."

"ಏನಂತ ಹೇಳಿದ?"

"ಹೂಂ ಅಂತ."

ಅಲ್ಲಿದ್ದವರೆಲ್ಲ ನಕ್ಕರಂತೆ. ಅಡುಗೆಯವರೂ ನಕ್ಕರಂತೆ. "ಸುಳ್ಳು ಹೇಳಲ್ಲಮ್ಮ, ನಂಗೂ ನಗು ಬಂತು" ಅಂದರು. ದೊರೆ ಬಿಡಲಿಲ್ಲ. ಔಷಧಿ ಕೊಡುವವರಿಗೆ ಹೇಳಿದ. ನೆಲ ಒರೆಸುವವರಿಗೆ ಹೇಳಿದ. ಗೇಟಿನವನಿಗೆ ಹೇಳಿದ. ಅಡುಗೆಮನೆಯ ಕಿಂಡಿಯಲ್ಲಿ ಮುಖ ಇಟ್ಟು ಹೇಳಿದ. ಎರಡನೇ ಸಲ ಬಂದಾಗ ಅಡುಗೆಯವರಿಗೆ ನಗು ಬರಲಿಲ್ಲ. ಅವರು ಹೋಗಿ ಮೇಲ್ವಿಚಾರಕರಿಗೆ ಹೇಳಿದರೆ, "ನೀನು ಒಲೆ ನೋಡ್ಕೋ" ಎಂಬ ಉತ್ತರ ಬಂತು. ಹೂಂ ಅಣ್ಣನ ಸದ್ದಿಗೆ ಉಳಿದವರಿಗೆ ತೊಂದರೆಯಾಗುತ್ತದೆಂದು ಮಂಪರು ಬರಿಸುವ ಮಾತ್ರೆ ಕೊಟ್ಟರು. ದೊರೆ ಬಾಗಿಲಿಗೆ ಅಡ್ಡ ನಿಂತು ಮೇಲ್ವಿಚಾರಕರ ಕೈ ಹಿಡಿದುಕೊಂಡ. ಬನ್ನಿ, ನೋಡಿ ಎಂದು ಎಳೆದ. ನಿಮ್ಮ ಭಾಷೆಯಲ್ಲಿ ಇದಕ್ಕೆ ಆಕ್ರಮಣಕಾರಿ ವರ್ತನೆ ಎನ್ನುತ್ತಾರೆ. ಪಕ್ಕದ ಕೋಣೆಗೆ ಹಾಕಿದರು.

ಗೋಡೆಯ ಆಚೆಯಿಂದ ಅವನಿಗೆ ಕೇಳಿಸುತ್ತಿತ್ತು. ಇವನು ಗೋಡೆಗೆ ಕಿವಿಯಿಟ್ಟು "ಹೂಂ?" ಅನ್ನುತ್ತಿದ್ದ, ಅವರು ಆಚೆಯಿಂದ "ಹೂಂ" ಅನ್ನುತ್ತಿದ್ದರು. "ಆಮೇಲೆ ನಿಂತೋಯ್ತು ಅಕ್ಕ" ಅಂದ ನನಗೆ. ಡಾಕ್ಟರು ಬಂದರು, ಅದಕ್ಕೇ ನೋವು ನಿಂತಿತು ಎಂದುಕೊಂಡನಂತೆ. ಖುಷಿಯಾಯಿತಂತೆ. ಚಿಲಕ ತೆಗೆದಾಗ ನೋಡಿದರೆ ಹಾಸಿಗೆಯ ಮೇಲೆ ಬೇರೆ ಹೊದಿಕೆ ಹಾಕಿತ್ತು. ಅಣ್ಣ ಎಲ್ಲಿ ಎಂದು ಕೇಳಿದ. "ಊರಿಗೆ ಹೋದ" ಅಂದರು. "ಅಣ್ಣಂಗೆ ಊರಿಲ್ಲ" ಅಂದ ನನ್ನ ತಮ್ಮ. ಬುದ್ಧಿ ಸಾಲದು ಎಂದು ನೀವು ತೀರ್ಮಾನಿಸಿದ ನನ್ನ ತಮ್ಮ.

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೂಂ ಅಣ್ಣನ ಉಸಿರು ನಿಂತಿತ್ತು. ಕರುಳಿನ ಬಾಲ, ಅಂದರೆ ಅಪೆಂಡಿಕ್ಸು, ಒಡೆದು ಹೊಟ್ಟೆಯೊಳಗೆಲ್ಲ ಕೀವು ತುಂಬಿತ್ತು ಎಂದರು ಆಸ್ಪತ್ರೆಯವರು. ಬೇಗ ತಂದಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತಂತೆ.

ಸಾವಿನ ಮಾರನೆಯ ವಾರ ತಪಾಸಣೆ ಇದ್ದಕ್ಕಿದ್ದಂತೆ ಮುಗಿಯಿತು, ದೊರೆಯನ್ನು ಕರೆದುಕೊಂಡು ಹೋಗಿ ಎಂದಿರಿ. ಈಗ ಅವನು ನನ್ನ ಮನೆಯಲ್ಲಿದ್ದಾನೆ. ಯಾವ ಬಾಗಿಲನ್ನೂ ಮುಚ್ಚಗೊಡುವುದಿಲ್ಲ. ಬೀರುವಿನ ಬಾಗಿಲೂ ತೆರೆದೇ ಇರಬೇಕು. ಬೆಳಿಗ್ಗೆ ಎದ್ದು, ಮುಖ ತೊಳೆದು, ಕೈ ಹಿಂದಕ್ಕೆ ಕಟ್ಟಿಕೊಂಡು ಬೀದಿಗಿಳಿದು, ಎದುರಿಗೆ ಸಿಕ್ಕವರಿಗೆ ಹೇಳುತ್ತಾನೆ: "ಅಣ್ಣಂಗೆ ಹೊಟ್ಟೆ ನೋವು. ಡಾಕ್ಟರ್ ಬೇಕು." ತರಕಾರಿಯವಳಿಗೆ ಹೇಳುತ್ತಾನೆ. ಬಟ್ಟೆಗಂಟು ಹೊತ್ತು ತಂದ ಗಿರಾಕಿಗಳಿಗೆ ಹೇಳುತ್ತಾನೆ. ಸತ್ತಿರುವುದು ಅವನಿಗೆ ಗೊತ್ತಿಲ್ಲವೆಂದಲ್ಲ, ಚೆನ್ನಾಗಿ ಗೊತ್ತು. ಕೇಳಿದರೆ ಅವನೇ ಹೇಳುತ್ತಾನೆ. ಆದರೂ ಆ ಮಾತು ಇನ್ನೂ ಯಾರಿಗೂ ತಲುಪಿಲ್ಲ ಎಂಬುದು ಅವನ ಲೆಕ್ಕ. ಮೊದಲು ಜನ ಹಿಂದೆ ಸರಿದರು, ಕೆಲವರು ಅಂಗಡಿಗೆ ಬರುವುದನ್ನೇ ಬಿಟ್ಟರು. ಸೈಕಲ್ ಅಂಗಡಿಯವರು ಮಾತ್ರ ಒಂದು ದಿನ ಸ್ಪ್ಯಾನರು ಕೆಳಗಿಟ್ಟು, ಎದ್ದು ನಿಂತು, "ಕೇಳಿಸ್ತು ದೊರೆ" ಅಂದರು. ಅವನು ತಲೆಯಾಡಿಸಿ ಮುಂದೆ ಹೋದ. ಈಗ ಬೀದಿಯವರೆಲ್ಲ ಹಾಗೇ ಹೇಳುತ್ತಾರೆ. ಕೇಳಿಸ್ತಪ್ಪ. ಕೇಳಿಸ್ತು. ಒಂದು ಬೀದಿ ಕಲಿತ ಈ ಮಾತನ್ನು ನಿಮ್ಮ ಇಲಾಖೆ ಕಲಿಯಲು ಎಷ್ಟು ಸುತ್ತೋಲೆ ಬೇಕು?

ನನ್ನ ಪಾಡನ್ನೂ ಹೇಳಿಬಿಡುತ್ತೇನೆ, ಹುಚ್ಚು ಎಂದುಕೊಂಡರೆ ಎಂದುಕೊಳ್ಳಿ. ನನ್ನ ಅಂಗಡಿಯ ಬಟ್ಟೆ ಒಣಗಿಸುವ ಯಂತ್ರ ನಿಲ್ಲುವ ಮುಂಚೆ, ಉರುಳೆ ನಿಧಾನವಾಗುತ್ತಾ ಬಂದು, ಕೆಳಗಿನ ಸ್ವರದಲ್ಲಿ ಹೂಂಗುಟ್ಟುತ್ತದೆ. ಮುಂಚೆಯೂ ಹಾಗೇ ಮಾಡುತ್ತಿತ್ತೋ ಏನೋ, ನಾನು ಗಮನಿಸಿರಲಿಲ್ಲ. ಈಗ ಹಾಡುಹಗಲಲ್ಲೇ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ರಿಪೇರಿಯವನನ್ನು ಕರೆಸಿದೆ. "ಬೇರಿಂಗು ಸವೆದಿದೆಯಮ್ಮ, ಬದಲಾಯಿಸಿದ್ರೆ ಸದ್ದು ಹೋಗುತ್ತೆ" ಅಂದ. ದೊರೆ ಬಂದು ಯಂತ್ರದ ಮೇಲೆ ಅಂಗೈ ಇಟ್ಟು, "ಬೇಡ" ಅಂದ. ಹಾಗೇ ಬಿಟ್ಟಿದ್ದೇವೆ.

ನೀವು ವಿಚಾರಣಾ ಸಮಿತಿ ಮಾಡಿದ್ದೀರಿ. ವೈದ್ಯರಿದ್ದಾರೆ, ವಕೀಲರಿದ್ದಾರೆ, ಪಾಲಕರ ಪರವಾಗಿ ಒಬ್ಬರಿದ್ದಾರೆ. ನನ್ನನ್ನು ಕರೆದರು. ಹೂಂ ಅಣ್ಣ ಸಾಯುವಾಗ ಅಲ್ಲಿರದ ನನ್ನನ್ನು. ಗೋಡೆಯ ಆಚೆ ಕಿವಿಯಿಟ್ಟು ಕೂತಿದ್ದವನನ್ನು ಕರೆಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಸಾಕ್ಷ್ಯ ನುಡಿಯುವ ಸಾಮರ್ಥ್ಯವಿಲ್ಲ" ಎಂಬ ಉತ್ತರ. ದೊರೆಗೆ ಅದನ್ನು ಹೇಳಿದೆ. ಅವನು ಯೋಚಿಸಿ, "ನಾನು ನಿಧಾನ. ಇಲ್ಲ ಅಂತಲ್ಲ" ಅಂದ.

ಇನ್ನೊಂದು ವಿಷಯ. ಟೀಚರ್ ಕೆಲಸ ಹೋದಮೇಲೂ ಬರುವುದನ್ನು ಬಿಟ್ಟಿಲ್ಲ. ಭಾನುವಾರದ ಮೀಟಿಂಗು ಈಗ ನನ್ನ ಅಂಗಡಿಯಲ್ಲಿ, ಬಟ್ಟೆಗಂಟುಗಳ ಮೇಲೆ ಕೂತು ನಡೆಯುತ್ತದೆ. ಮೊನ್ನೆ ಅಲ್ಲಿ ದೊರೆ ಅಂದ, "ನಂಗೆ ನನ್ನ ಮನೆ ಬೇಕು." "ಇದು ನಿನ್ನ ಮನೆ ಅಲ್ವೇನೋ?" ಅಂದೆ. "ಇದು ನಿಂದು ಅಕ್ಕ. ನೀನು ಒಳ್ಳೇವಳು. ಆದ್ರೆ ನಿಂದು" ಅಂದ. ಆಮೇಲೆ ಪದ ಹುಡುಕಿದ. ನಾವು ಕಾದೆವು. "ಅಲ್ಲಿ ಇನ್ನೂ ಜನ ಇದಾರೆ. ಅವರ್ಗೂ ಬೇಕು."

ಮರುದಿನ ಟೀಚರ್ ಜೊತೆ ಬಸ್ಸು ಹತ್ತಿ ನಿಮ್ಮ ಕೇಂದ್ರದ ಗೇಟಿಗೆ ಹೋದ. ಒಳಗೆ ಕಾಲಿಡಲಿಲ್ಲ. ಬೇಲಿಯ ಆಚೆ ಅವನ ಗುರುತಿನವನೊಬ್ಬ ಕೆನ್ನೆ ಹಿಡಿದುಕೊಂಡು ನಿಂತಿದ್ದ. ದೊರೆ ಅವನ ಜೊತೆ ಬಹಳ ಹೊತ್ತು ಮಾತಾಡಿ, ಗೇಟಿನವನ ಬಳಿ ಬಂದು, "ಇವ್ನಿಗೆ ಹಲ್ಲು ನೋವು. ಡಾಕ್ಟರ್ ಬೇಕು" ಅಂದ. ಗೇಟಿನವನು ಹಿಂದೆ ಒಮ್ಮೆ ಅವನ ಮಾತು ಕೇಳಿ ಸುಮ್ಮನಿದ್ದವನು. ಈ ಸಲ ಅವನು ದೊರೆಯ ಮುಖವನ್ನೇ ನೋಡುತ್ತಾ ನಿಂತ, ಆಮೇಲೆ ಒಳಗೆ ಓಡಿದ. ಹಲ್ಲು ಕಿತ್ತಿದ್ದಾರೆ. ಮನುಷ್ಯ ಬದುಕಿದ್ದಾನೆ, ಊಟ ಮಾಡುತ್ತಿದ್ದಾನೆ. ಈಗ ಪ್ರತಿ ಸೋಮವಾರ ದೊರೆ ಆ ಬೇಲಿಯ ಬಳಿ ಹೋಗುತ್ತಾನೆ.

ಆದ್ದರಿಂದ ನಿರ್ದೇಶಕರೇ, ಸಮಿತಿ ನನ್ನ ತಮ್ಮನನ್ನು ಕರೆಯಲಿ, ಅವನ ಮಾತು ಮುಗಿಯುವವರೆಗೆ ಕಾಯಲಿ. ಆ ಕೇಂದ್ರದಲ್ಲಿ ಬದುಕುವವರೇ ಆ ಸಮಿತಿಯಲ್ಲಿ ಕೂರಲಿ, ಪಾಲಕರ ಪರವಾಗಿ ಒಬ್ಬರಿರುವಾಗ ಅವರ ಪರವಾಗಿ ಅವರೇ ಯಾಕಿರಬಾರದು? ಬೀದಿಯ ಮನೆಗಳನ್ನು ಮತ್ತೆ ತೆರೆಯಿರಿ, ಟೀಚರಂಥವರಿಗೆ ಕೆಲಸ ಮರಳಿಸಿ. ಅಲ್ಲಿಗೆ ಹೋಗುವವರು ಯಾರು, ಯಾರ ಜೊತೆ ಇರುತ್ತಾರೆ ಎಂಬುದನ್ನು ಅವರನ್ನೇ ಕೇಳಿ. ಇವು ನನ್ನ ಬೇಡಿಕೆಗಳು.

ಈ ಪತ್ರವನ್ನು ದೊರೆಗೆ ಪೂರ್ತಿ ಓದಿ ಹೇಳಿದೆ. ಒಂದು ಕಡೆ ನಾನು ಅವನನ್ನು 'ಪಾಪದವನು' ಎಂದು ಬರೆದಿದ್ದೆ, ತೆಗೆಸಿದ. ಕೊನೆಗೆ, ತನ್ನದೂ ಒಂದು ಇದೆ, ಅದನ್ನು ಬರಿ ಎಂದ. ಹೂಂ ಅಣ್ಣನಿಗೆ ವಾರಸುದಾರರಿಲ್ಲವೆಂದು ನಿಮ್ಮ ಇಲಾಖೆಯೇ ಶವಸಂಸ್ಕಾರ ಮುಗಿಸಿದೆ. ಎಲ್ಲಿ ಎಂದು ಯಾವ ಮೇಜಿನವರೂ ನಮಗೆ ಹೇಳುತ್ತಿಲ್ಲ, ನಾವು ಸಂಬಂಧಿಕರಲ್ಲವಂತೆ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ಸಾರ್, ಅಣ್ಣನ್ನ ಎಲ್ಲಿ ಮಲಗ್ಸಿದೀರಿ? ನಾನು ಹೋಗ್ಬೇಕು."

ಇದಕ್ಕೆ ಕಾಗದದಲ್ಲಿ ಉತ್ತರ ಕಳಿಸಬೇಡಿ, ಅವನಿಗೆ ಓದಲು ಬರುವುದಿಲ್ಲ. ಅಂಗಡಿ ಬೆಳಿಗ್ಗೆಯಿಂದ ಸಂಜೆಯವರೆಗೂ ತೆರೆದಿರುತ್ತದೆ. ನೀವೇ ಬಂದು, ಬಾಯಿಬಿಟ್ಟು, ಅವನಿಗೆ ಹೇಳಿ.

ಇಂತಿ,
ನಿಮ್ಮ ಕಡತಗಳಲ್ಲಿ 'ಪಾಲಕಿ' ಎಂದು ನಮೂದಾಗಿರುವ,
ಅವನ ಪ್ರಕಾರ ಬರೀ ಅಕ್ಕ ಆಗಿರುವ
ಲಾಂಡ್ರಿಯವಳು